ಹೆಣ್ಣು ನೋಡುವುದೂ ಅವಳನ್ನು ನೋಡುವುದೂ

ವ್ಯಾಕರಣದ ಹೆಸರು ಕೇಳಿದೊಡನೆ ಆಕಳಿಸುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ, ದಾವಣಗೆರೆಯಲ್ಲಿಯೂ ಇದ್ದಾರೆ. ಆದರೆ ಹಾಗೆ ಆಕಳಿಸುವವರೇ ಬೆಳಗಾದರೆ ಹೋಟೆಲಿನಲ್ಲಿ ಕುಳಿತು ವ್ಯಾಕರಣದ ಬಲು ಸೂಕ್ಷ್ಮವಾದ ನಿಯಮವೊಂದನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. “ಎರಡು ಬೆಣ್ಣೆ ದೋಸೆ ಕೊಡ್ರಿ” ಎನ್ನುತ್ತಾರೆಯೇ ಹೊರತು “ಎರಡು ಬೆಣ್ಣೆ ದೋಸೆಗಳನ್ನು ಕೊಡಿರಿ” ಎಂದು ಯಾರೂ ಅನ್ನುವುದಿಲ್ಲ. ಅಂದರೆ ಮಾಣಿ ಒಂದು ಗಳಿಗೆ ದಿಟ್ಟಿಸಿ ನೋಡಿ, ಪರಸ್ಥಳದವರೋ ಕನ್ನಡ ಪಂಡಿತರೋ ಇರಬೇಕೆಂದು ಊಹಿಸಿಯಾನು. ದೋಸೆ ಬರುತ್ತದೆ, ಬಿಳಿಯ ಚಟ್ನಿಯೊಡನೆ, ಆಲೂಗಡ್ಡೆ ಪಲ್ಯದೊಡನೆ ಮುಗಿದೂ ಹೋಗುತ್ತದೆ. ಆಗ ಅದೇ ಗಿರಾಕಿ ಪಕ್ಕದ ಮಗನಿಗೆ, “ಅವನನ್ನು ಕರಿ, ಇನ್ನೊಂದು ಹೇಳೋಣ” ಎನ್ನುತ್ತಾನೆ. “ಅವನು ಕರಿ” ಎನ್ನುವುದಿಲ್ಲ. ದೋಸೆಗೆ ಬೇಡವಾಗಿದ್ದ ‘ಅನ್ನು’ ಮಾಣಿಗೆ ಬೇಕಾಯಿತು. ಈ ವಿವೇಕವನ್ನು ಅವನಿಗೆ ಯಾವ ಪಾಠಶಾಲೆಯೂ ಕಲಿಸಲಿಲ್ಲ. ಅದು ತಾಯಿಯ ಮಾತಿನೊಡನೆ ಬಂದದ್ದು.

ಕ್ರಿಯೆಯೊಂದು ಯಾರ ಮೇಲೆ, ಯಾವುದರ ಮೇಲೆ ಬೀಳುತ್ತದೆಯೋ ಅದು ಕರ್ಮ. ಕರ್ಮವನ್ನು ತೋರಿಸುವುದು ದ್ವಿತೀಯಾ ವಿಭಕ್ತಿ. ಇಂದಿನ ‘ಅನ್ನು’ ಹಳಗನ್ನಡದಲ್ಲಿ ‘ಅಂ’ ಎಂದಿತ್ತು: ಮರನಂ, ಅವನಂ, ಅವಳಂ. ಇವನ್ನೆಲ್ಲ ಅಚ್ಚುಕಟ್ಟಾಗಿ ಸೂತ್ರದಲ್ಲಿ ಕಟ್ಟಿಟ್ಟವನು ‘ಶಬ್ದಮಣಿದರ್ಪಣ’ದ ಕೇಶಿರಾಜ, ಕಾಲ ಸುಮಾರು 1260. ಆಗ ದಾವಣಗೆರೆಗೆ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಹರಿಹರೇಶ್ವರನ ಗುಡಿ ಇನ್ನೂ ಹೊಸದಾಗಿಯೇ ಇದ್ದಿರಬೇಕು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಅದನ್ನು ಕಟ್ಟಿಸಿದ್ದು 1224ರಲ್ಲಿ. ಅಲ್ಲಿಯ ಮೂರ್ತಿಯಲ್ಲಿ ಬಲಭಾಗ ಹರ, ಎಡಭಾಗ ಹರಿ. ಬೇರೆ ಬೇರೆಯಾಗಿದ್ದಾಗ “ಹರಿಯನ್ನೂ ಹರನನ್ನೂ ಕಂಡೆವು” ಎಂದು ಎರಡು ಪ್ರತ್ಯಯಗಳನ್ನು ತೆರಬೇಕಿತ್ತು. ಒಂದೇ ಶರೀರವಾದ ಮೇಲೆ “ಹರಿಹರನನ್ನು ಕಂಡೆವು” ಎಂದರೆ ಸಾಕು. ಮನೆಗೆ ಬಂದ ಬೀಗರನ್ನು ‘ಅವರನ್ನು’ ಎನ್ನುವ ಭಕ್ತನು ದೇವರನ್ನು ‘ಅವನನ್ನು’ ಎನ್ನುತ್ತಾನೆ. ಬಹುವಚನ ಬೀಗರಿಗೆ, ಏಕವಚನ ಭಗವಂತನಿಗೆ. ಹೆದರಿಕೆ ಯಾರದು ಹೆಚ್ಚೆಂಬುದನ್ನು ವಾಚಕರೇ ತೀರ್ಮಾನಿಸಬಹುದು.

ಇಂಥ ಸಂಗತಿಗಳು ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಹೊರಗಿನ ಭಾಷೆಯೊಂದು ಮನೆಯೊಳಗೆ ಕಾಲಿಟ್ಟಾಗ ಮಾತ್ರ ಒಳಗಿನ ಭಾಷೆಯ ಕಂಬ ತೊಲೆಗಳು ಕಣ್ಣಿಗೆ ಬೀಳುತ್ತವೆ. ಇಂದು ದಾವಣಗೆರೆಯ ಎಷ್ಟೋ ಮನೆಗಳ ಒಂದು ಕೊಂಬೆ ಅಮೆರಿಕೆಯಲ್ಲಿದೆ. ಅಲ್ಲಿಯ ಶಾಲೆಗಳಲ್ಲಿ ಎರಡನೆಯ ಭಾಷೆಯೆಂದರೆ ಬಹುಮಟ್ಟಿಗೆ ಸ್ಪ್ಯಾನಿಷ್. ರಜೆಗೆ ಬಂದ ಮೊಮ್ಮಗಳು ಹಜಾರದಲ್ಲಿ ಅಡ್ಡಾಡುತ್ತ “ಲೋ, ಲಾ, ಲೋಸ್, ಲಾಸ್” ಎಂದು ಬಾಯಿಪಾಠ ಮಾಡುತ್ತಾಳೆ. ಒಳಗಿನಿಂದ ಅಜ್ಜಿ, “ಯಾರನ್ನೇ ಅದು, ಲೋ ಅಂತ ಕರಿಯೋದು? ದೊಡ್ಡೋರು ಇದಾರೆ ಮನೆಯಾಗೆ” ಎಂದು ಗದರುತ್ತಾಳೆ. ಅಜ್ಜಿಯ ತಪ್ಪಿಲ್ಲ. ಕನ್ನಡದ ‘ಲೋ’ ಗೆಳೆಯನನ್ನು ಕೂಗುವ ಸಲಿಗೆಯ ಮಾತು. ಸ್ಪ್ಯಾನಿಷ್ ಭಾಷೆಯ ‘ಲೋ’ ಎಂದರೆ ‘ಅವನನ್ನು’, ಇಲ್ಲವೆ ‘ಅದನ್ನು’. ‘ಲಾ’ ಎಂದರೆ ‘ಅವಳನ್ನು’. ಲೋಸ್, ಲಾಸ್ ಎಂಬವು ಅವುಗಳ ಬಹುವಚನಗಳು.

ಆ ಭಾಷೆಯಲ್ಲಿ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದವಿದೆ. ಪುಸ್ತಕ, ಅಂದರೆ ‘ಲಿಬ್ರೊ’, ಗಂಡು, ಆದ್ದರಿಂದ ‘ಲೋ’. ಮನೆ, ಅಂದರೆ ‘ಕಾಸಾ’, ಹೆಣ್ಣು, ಆದ್ದರಿಂದ ‘ಲಾ’. ಮನೆಯನ್ನು ಕೊಂಡೆನೆನ್ನುವಾಗಲೂ ಮಗಳನ್ನು ಕಂಡೆನೆನ್ನುವಾಗಲೂ ಒಂದೇ ಸರ್ವನಾಮ. ಕನ್ನಡದ ಕಿವಿಗೆ ಇದು ವಿಚಿತ್ರ. ಕನ್ನಡವು ಮನುಷ್ಯರಿಗೆ ಅವನನ್ನು, ಅವಳನ್ನು, ಅವರನ್ನು ಎಂಬ ಮೂರು ಮಣೆಗಳನ್ನು ಹಾಕಿ, ಜಡವಸ್ತುಗಳನ್ನು ‘ಅದನ್ನು’ ಎಂದು ಬೇರೆಯೇ ಕೂರಿಸುತ್ತದೆ. ಸ್ಪೇನ್ ದೇಶದಲ್ಲಿಯೂ ಈ ಕೊರತೆ ಕೆಲವರಿಗೆ ತಟ್ಟಿರಬೇಕು. ಅಲ್ಲಿಯ ಹಲವು ಪ್ರಾಂತಗಳ ಜನ ಪುಸ್ತಕಕ್ಕೆ ‘ಲೋ’ ಎಂದೇ ಹೇಳಿದರೂ ಗಂಡಸನ್ನು ಕುರಿತಾಗ ‘ಲೇ’ ಎನ್ನುತ್ತಾರೆ. ಅಷ್ಟರ ಮಟ್ಟಿಗೆ ಅವರ ಭಾಷಾ ಅಕಾಡೆಮಿಯೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ಪಾಠದ ಮುಂದಿನ ಹೆಜ್ಜೆಯಲ್ಲಿ ಅಜ್ಜಿಗೇ ಗೆಲವು. “ಅದನ್ನು ಕೊಳ್ಳುತ್ತೇನೆ” ಎಂಬುದಕ್ಕೆ ಸ್ಪ್ಯಾನಿಷ್‌ನಲ್ಲಿ “ಲೋ ಕೊಂಪ್ರೊ”. ಮೊದಲು ‘ಅದನ್ನು’, ಆಮೇಲೆ ‘ಕೊಳ್ಳುತ್ತೇನೆ’. ಇಂಗ್ಲಿಷಿನಲ್ಲಿ ‘ಅದನ್ನು’ ಎಂಬುದು ಕ್ರಿಯಾಪದದ ಹಿಂದೆ ಬಾಲದಂತೆ ಬರುವುದರಿಂದ, ಇಂಗ್ಲಿಷಿನ ಮೂಲಕ ಕಲಿಯುವ ಮಕ್ಕಳು “ಕೊಂಪ್ರೊ ಲೋ” ಎಂದು ತಿರುಗುಮುರುಗು ಮಾಡಿ ಅಂಕ ಕಳೆದುಕೊಳ್ಳುತ್ತಾರೆ. ಅಜ್ಜಿಯ ಕನ್ನಡವನ್ನು ನೆನೆದುಕೊಂಡರೆ ಆ ಅಂಕ ಉಳಿಯುತ್ತದೆ. ಆದರೆ “ಕೊಳ್ಳಲು ಬಯಸುತ್ತೇನೆ” ಎಂಬಂಥ ಮಾತಿನಲ್ಲಿ ‘ಲೋ’ ಎಂಬುದು “ಕೊಂಪ್ರಾರ್‌ಲೊ” ಎಂದು ಹಿಂದಕ್ಕೂ ಅಂಟಿಕೊಳ್ಳಬಲ್ಲದು. “ಕೊಂಡುಕೋ” ಎಂಬ ಅಪ್ಪಣೆಯಲ್ಲಿಯೂ ಹಾಗೆಯೇ. ಅಲ್ಲಿ ಅಜ್ಜಿಯ ನೆರವು ಸಾಲದು.

ಇನ್ನೊಂದು ಕಡೆ ಅಜ್ಜಿಗೂ ಆ ಭಾಷೆಗೂ ಸರಿಹೋಗುವುದಿಲ್ಲ. “ಪುಸ್ತಕ ತಂದೆಯಾ?” ಎಂದು ಕೇಳಿದರೆ ಕನ್ನಡದಲ್ಲಿ “ತಂದೆ” ಎಂದರೆ ಮುಗಿಯಿತು. (ತಂದೆಗೂ ಪುಸ್ತಕಕ್ಕೂ ಸಂಬಂಧವೇನೆಂದು ಹೊರಗಿನವರು ಬೆರಗಾದಾರು.) ಸ್ಪ್ಯಾನಿಷ್‌ನಲ್ಲಿ ಬರಿದೆ ‘ತಂದೆ’ ಎನ್ನುವಂತಿಲ್ಲ; “ಲೋ ತ್ರಾಹೆ”, ‘ಅದನ್ನು ತಂದೆ’ ಎಂದೇ ಹೇಳಬೇಕು. ಎದುರಿಗಿರುವವರಿಗೆ ಗೊತ್ತಿರುವುದನ್ನು ಬಿಟ್ಟುಬಿಡುವುದು ಕನ್ನಡದ ಮಿತವ್ಯಯ.

ಇಷ್ಟರವರೆಗೆ ಎಲ್ಲವೂ ವಿನೋದ. ಆದರೆ ಎರಡು ಭಾಷೆಗಳೂ ಗುಟ್ಟಾಗಿ ಸಂಧಿಸುವ ಜಾಗವೊಂದಿದೆ. ಅಲ್ಲಿ ನಗೆ ತುಸು ಹಿಂದೆ ಸರಿಯುತ್ತದೆ. ಸ್ಪ್ಯಾನಿಷ್‌ನಲ್ಲಿ ಕರ್ಮವು ವಸ್ತುವಾಗಿದ್ದರೆ ಅದರ ಹಿಂದೆ ಏನನ್ನೂ ಸೇರಿಸಬೇಕಾಗಿಲ್ಲ. ಗೊತ್ತಾದ ಮನುಷ್ಯನೊಬ್ಬ ಕರ್ಮವಾಗಿದ್ದರೆ ‘ಆ’ ಎಂಬ ಒಂದಕ್ಷರವನ್ನು ಮೊದಲಿಗೆ ಇಡಲೇಬೇಕು. ದೋಸೆಗೂ ಮಾಣಿಗೂ ಕನ್ನಡ ಮಾಡಿದ ಭೇದವೇ ಇದು. “ಬುಸ್ಕೊ ನೋವಿಯಾ” ಎಂದರೆ “ಹೆಣ್ಣು ಹುಡುಕುತ್ತಿದ್ದೇನೆ”. ಯಾರಾದರೂ ಸರಿ, ಇನ್ನೂ ಯಾರೂ ಗೊತ್ತಾಗಿಲ್ಲ. “ಬುಸ್ಕೊ ಆ ಮಿ ನೋವಿಯಾ” ಎಂದರೆ “ನಾನು ವರಿಸಲಿರುವವಳನ್ನು ಹುಡುಕುತ್ತಿದ್ದೇನೆ”. ಜಾತ್ರೆಯ ಗದ್ದಲದಲ್ಲಿ ಅವಳೆಲ್ಲೋ ತಪ್ಪಿಸಿಕೊಂಡಿದ್ದಾಳೆ, ಮನಸ್ಸು ತಳಮಳಿಸುತ್ತಿದೆ. ಎರಡರ ನಡುವೆ ಮುಖ್ಯ ಅಂತರ ಒಂದು ಸಣ್ಣ ಅಕ್ಷರದ್ದು. ಸ್ಪೇನಿನ ಭಾಷೆಗೆ ನೆಬ್ರಿಹಾ ಎಂಬ ಪಂಡಿತನು ವ್ಯಾಕರಣ ಬರೆದು ರಾಣಿಗೆ ಅರ್ಪಿಸಿದ್ದು 1492ರಲ್ಲಿ, ಕೇಶಿರಾಜನಾದ ಎರಡು ಶತಮಾನಗಳಿಗೂ ಈಚೆಗೆ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬಿದ್ದಿರಲಾರದು. ಆದರೂ ಎರಡು ದೇಶಗಳ ಜನರ ನಾಲಗೆ ಒಂದೇ ಬಗೆಯ ತಾರತಮ್ಯವನ್ನು ಕಂಡುಕೊಂಡಿದೆ.

ದಾವಣಗೆರೆಯಲ್ಲಿ ಈ ತಾರತಮ್ಯ ಹತ್ತಿ ಗಿರಣಿಗಳ ಕಾಲದಲ್ಲಿ ದಿನವೂ ಕೇಳಿಬರುತ್ತಿತ್ತು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಊರಿಗೆ ಹೆಸರು ಬಂದಿದ್ದ ದಿನಗಳವು. “ಮಿಲ್ಲಿಗೆ ಆಳು ತಗಂತಾರಂತೆ” ಎಂಬ ಸುದ್ದಿ ಹಬ್ಬಿದರೆ ಸುತ್ತಣ ಹಳ್ಳಿಗಳ ತರುಣರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಆ ವಾಕ್ಯದ ‘ಆಳು’ವಿಗೆ ‘ಅನ್ನು’ ಇಲ್ಲ. ಹತ್ತಿ ತಗೊಳ್ಳುವಂತೆ, ನೂಲು ತಗೊಳ್ಳುವಂತೆ ಆಳು. ಕಾಲ ಬದಲಾಯಿತು; ಗಿರಣಿಗಳ ಸದ್ದು ಅಡಗಿತು. ಕೆಲಸ ಹೋದ ದಿನ ಮನೆಯ ಹೆಂಗಸು ಮಾತ್ರ ನೆರೆಯವಳೊಡನೆ “ಆಳು ತೆಗೆದರು” ಎನ್ನಲಿಲ್ಲ. “ಇವರನ್ನು ತೆಗೆದುಬಿಟ್ಟರು” ಎಂದಳು. ಗೇಟಿನೊಳಗೆ ಹೋಗುವಾಗ ಲೆಕ್ಕಕ್ಕಿದ್ದವನು ಹೊರಗೆ ಬಂದಾಗ ಪ್ರತ್ಯಯವುಳ್ಳ ಮನುಷ್ಯನಾಗಿದ್ದ.

ಇದಕ್ಕಿಂತ ಹತ್ತಿರದ ನಿದರ್ಶನ ಮದುವೆಯ ಮಾತು. ದಾವಣಗೆರೆಗೂ ಹರಿಹರಕ್ಕೂ ಕೊಡುವ ತರುವ ಸಂಬಂಧ ಹಿಂದಿನಿಂದಲೂ ಉಂಟು. ಭಾನುವಾರ ಬೆಳಿಗ್ಗೆ ಒಂದು ಸಂಸಾರ ಹರಿಹರದ ಬಸ್ಸು ಹತ್ತುತ್ತದೆ. ಎಲ್ಲಿಗೆ ಎಂದರೆ, “ಹೆಣ್ಣು ನೋಡಾಕೆ”. ಮನೆ ನೋಡುವುದು, ಎತ್ತು ನೋಡುವುದು, ಹೆಣ್ಣು ನೋಡುವುದು. ಒಂದಕ್ಕೂ ‘ಅನ್ನು’ ಇಲ್ಲ. ಒಪ್ಪಿಗೆಯಾದರೆ, “ಹರಿಹರದಿಂದ ಹೆಣ್ಣು ತಂದೆವು” ಎನ್ನುತ್ತಾರೆ. ಒಪ್ಪಿಗೆಯಾಗದಿದ್ದರೆ, “ಇನ್ನೂ ನಾಲ್ಕು ಹೆಣ್ಣು ನೋಡೋಣ” ಎನ್ನುತ್ತಾರೆ. ಈ ಮಾತಿನಲ್ಲಿ ದುರುದ್ದೇಶವೇನೂ ಇಲ್ಲ. “ಗಂಡು ನೋಡುವುದು” ಎಂದೂ ಭಾಷೆ ಅಷ್ಟೇ ನಿರ್ವಿಕಾರವಾಗಿ ಹೇಳುತ್ತದೆ. ಇನ್ನೂ ಹೆಸರು ಗೊತ್ತಿಲ್ಲದವರಿಗೆ, ಮುಖ ಕಾಣದವರಿಗೆ ಪ್ರತ್ಯಯವನ್ನು ಎಲ್ಲಿಂದ ತರುವುದು?

ಆದರೆ ಅದೇ ಸಂಗತಿಯನ್ನು ಹರಿಹರದ ತಾಯಿ ಹೇಳುವುದನ್ನು ಕೇಳಬೇಕು. “ಮಗಳನ್ನು ದಾವಣಗೆರೆಗೆ ಕೊಟ್ಟಿದ್ದೇವೆ.” ಇಲ್ಲಿ ‘ಅನ್ನು’ ಬಿಡಲು ಬರುವುದೇ ಇಲ್ಲ. “ಮಗಳು ಕೊಟ್ಟಿದ್ದೇವೆ” ಎಂದರೆ ಅದು ಕನ್ನಡವೇ ಆಗುವುದಿಲ್ಲ. ತಂದವರ ಬಾಯಲ್ಲಿ ‘ಹೆಣ್ಣು’, ಕೊಟ್ಟವಳ ಬಾಯಲ್ಲಿ ‘ಮಗಳನ್ನು’. ಮದುವೆ ಒಂದೇ, ಹುಡುಗಿ ಒಬ್ಬಳೇ. ನಡುವೆ ಇರುವುದು ಒಂದು ವಿಭಕ್ತಿ ಪ್ರತ್ಯಯ ಮತ್ತು ಇಪ್ಪತ್ತೈದು ವರ್ಷಗಳ ಸಾಕಣೆ.

ಸರ್ವನಾಮಗಳ ಹಿರಿಮೆಯೂ ಇಲ್ಲಿಯೇ ಇದೆ. ‘ಹೆಣ್ಣು’ ಎಂಬ ನಾಮಪದ ‘ಅನ್ನು’ ಕಳಚಿಕೊಂಡು ನಿಂತೀತು. ‘ಅವಳು’ ಎಂಬ ಸರ್ವನಾಮ ಹಾಗೆ ನಿಲ್ಲದು. “ಅದು ಕೊಡು” ಎಂದು ಅವಸರದಲ್ಲಿ ಅಂದರೂ ನಡೆಯುತ್ತದೆ, ‘ಅದು’ ಪಾತ್ರೆಯೋ ಸೌಟೋ ಆಗಿದ್ದರೆ. “ಅವಳು ಕರಿ” ಎಂದು ಎಂಥ ಅವಸರದಲ್ಲಿಯೂ ಬರುವುದಿಲ್ಲ. ತೊಟ್ಟಿಲ ಕೂಸನ್ನು ಮನೆಮಂದಿಯೆಲ್ಲ ‘ಅದು’ ಎಂದೇ ಕರೆದರೂ, ಅಳುವಾಗ “ಅದನ್ನ ಎತ್ತಿಕೋ” ಎಂದೇ ಅನ್ನುತ್ತಾರೆ. ಕೂಸಿಗೆ ನಪುಂಸಕಲಿಂಗವಾದರೂ ‘ಅನ್ನು’ ತಪ್ಪುವುದಿಲ್ಲ. ಸ್ಪ್ಯಾನಿಷ್ ಮಾತಿನಲ್ಲಿಯೂ “ಹೆಣ್ಣು ಹುಡುಕುತ್ತಿದ್ದೇನೆ” ಎನ್ನುವವನು ‘ಲಾ’ ಎನ್ನಲಾರ. ‘ಲಾ’ ಎಂದನೋ, ಅವಳು ಆಗಲೇ ಯಾರೋ ಒಬ್ಬಳಾಗಿದ್ದಾಳೆ. ಅವಳಿಗೊಂದು ಮುಖ ಬಂದಿದೆ.

ಹರಿಹರದ ಆ ನಡುಮನೆಯಲ್ಲಿ ಈಗ ಕೇಸರಿಬಾತು ಉಪ್ಪಿಟ್ಟಿನ ತಟ್ಟೆಗಳು ಖಾಲಿಯಾಗಿವೆ. ಗಂಡಿನ ಕಡೆಯ ಹಿರಿಯರು ಗಂಟಲು ಸರಿಪಡಿಸಿಕೊಂಡು ಹುಡುಗಿಯ ತಂದೆಯನ್ನು ಒಂದೊಂದಾಗಿ ವಿಚಾರಿಸುತ್ತಿದ್ದಾರೆ. ಹುಡುಗಿಗೆ ಅಡಿಗೆ ಬರುತ್ತದೆಯೇ? ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡುತ್ತಾಳೆಯೇ? ಅವಳು ಎರಡು ಮಾರು ದೂರದಲ್ಲಿ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿಯೇ ಕುಳಿತಿದ್ದಾಳೆ. ಹಿಂದೆಲ್ಲ ತಂದೆಯಾದವನು ಇಂಥ ಪ್ರಶ್ನೆಗಳಿಗೆ ತಾನೇ ಉತ್ತರ ಕೊಟ್ಟು ಮುಗಿಸುತ್ತಿದ್ದ. ಇತ್ತೀಚೆಗೆ ಕೆಲವು ಮನೆಗಳಲ್ಲಿ ತಂದೆ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟು, ಮಗಳ ಕಡೆ ತಿರುಗಿ, ಬೀಗರಾಗಲಿರುವವರಿಗೆ ಮೆತ್ತಗೆ ಹೇಳುತ್ತಾನೆ:

“ಅವಳನ್ನೇ ಕೇಳಿ.”