ಹಳ್ಳದ ದಂಡೆಯ ನಾಲ್ಕು ತತ್ತಿ

ನಮ್ಮದು ಕೊಪ್ಪಳ ತಾಲೂಕಿನ ಇರಕಲ್ಲಗಡ, ಕಲ್ಲುಗುಡ್ಡದ ಸೀಮೆ. ಶಿರಸಿಯಲ್ಲಿರುವ ನನ್ನ ತಂಗಿ, "ನಿಮ್ಮೂರಾಗ ಹೂವೆಲ್ಲಿ, ಹಕ್ಕಿಯೆಲ್ಲಿ ಅಕ್ಕಾ?" ಎಂದು ನಗುತ್ತಾಳೆ. ಅವಳು ಬರುವುದು ಬೇಸಿಗೆ ರಜೆಯಲ್ಲಿ, ಪಾಪ!

ಆಷಾಢದ ಮಂಗಳವಾರ ಗುಳ್ಳವ್ವನ ಮಣ್ಣು ತರಲು ನಮ್ಮ ಹೊಲದ ಹಳ್ಳಕ್ಕೆ ಬಂದು ನೋಡಬೇಕು. ದಂಡೆಗುಂಟ ಬಿಳೀ ತುಂಬೆ. ಶ್ರಾವಣ ಬಂತೆಂದರೆ ಅಣ್ಣೆಸೊಪ್ಪಿನ ಗುಲಾಬಿ ತೆನೆ, ಬೇಲಿಯ ಸಂದಿಯಲ್ಲಿ ಅಗ್ನಿಶಿಖೆ. ಎಸಳಿನ ಬುಡ ಹಳದಿ, ತುದಿ ಕೆಂಪು, ಥೇಟ್ ಒಲೆಯ ಉರಿ. ಅಂದಹಾಗೆ ಅದರ ಗೆಡ್ಡೆ ವಿಷ. ಗುಳ್ಳವ್ವನಿಗೆ ಅಂಟಿಸುವ ಗುಲಗಂಜಿಯೂ ವಿಷವೇ. ಸಣ್ಣ ಮಕ್ಕಳಿದ್ದ ಮನೆಯಲ್ಲಿ ಎಚ್ಚರವಿರಲಿ.

ನಾನು ಹೇಳಬೇಕೆಂದಿದ್ದು ಟಿಟ್ಟಿಭದ ಸಂಗತಿ. ಹೋದ ವರ್ಷ ಕೃತ್ತಿಕಾ ಮಳೆಯ ದಿನಗಳಲ್ಲಿ ಬುತ್ತಿ ಹೊತ್ತು ಹೊಲಕ್ಕೆ ಹೋಗಿದ್ದೆ. ತಲೆಯ ಮೇಲೆ ಎರಡು ಹಕ್ಕಿ ಒಂದೇ ಸಮನೆ ಅರಚಿದವು. ನೋಡಿದರೆ ಕಾಲ ಬುಡದಲ್ಲೇ, ಹರಳುಗಲ್ಲಿನ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ತತ್ತಿ! ಗೂಡಿಲ್ಲ, ಹುಲ್ಲಿಲ್ಲ. ಮರುದಿನವೇ ಅಲ್ಲಿ ಟ್ರ್ಯಾಕ್ಟರ್ ಬರುವುದಿತ್ತು, ಹಳ್ಳದ ಒಡ್ಡು ಕಟ್ಟಲು.

ರಾತ್ರಿ ರೊಟ್ಟಿ ಬಡಿಸುತ್ತಾ, "ಒಂದು ತಿಂಗಳು ತಡೀರಿ" ಎಂದೆ.

"ಹಕ್ಕಿ ಬಾಣಂತನಾ ಮಾಡ್ಕೋತ ಕುಂತ್ರ, ಮಳಿ ಕೇಳತೈತೇನು?" ಎಂದರು ನಮ್ಮವರು. ಅವರ ಮಾತೂ ಸುಳ್ಳಲ್ಲ. ಆದರೆ ಅತ್ತೆಯವರು ಒಳಗಿನಿಂದಲೇ, "ಬಸುರಿ ಬಾಣಂತಿನ ಯಾರೂ ಎಬ್ಬಸಾಂಗಿಲ್ಲಪ್ಪಾ" ಎಂದುಬಿಟ್ಟರು. ಅಲ್ಲಿಗೆ ಮಾತು ನಿಂತಿತು. ಟ್ರ್ಯಾಕ್ಟರ್ ಬೇರೆಯವರ ಹೊಲಕ್ಕೆ ಹೋಯಿತು.

ದಿನಾ ದೂರದಿಂದ ನೋಡುತ್ತಿದ್ದೆ. ಸುಡುಬಿಸಿಲಲ್ಲಿ ತಾಯಿಹಕ್ಕಿ ಗುಂಡಿಯ ನೀರಿಗಿಳಿದು ಹೊಟ್ಟೆಯ ಪುಕ್ಕ ತೋಯಿಸಿಕೊಂಡು ಬಂದು ತತ್ತಿಯ ಮೇಲೆ ಕೂಡುತ್ತಿತ್ತು, ತತ್ತಿ ಬೇಯದಿರಲೆಂದು. ನಾವು ಕೊಡಕ್ಕೆ ಹಸಿಬಟ್ಟೆ ಸುತ್ತುವುದಿಲ್ಲವೇ, ಹಾಗೆಯೇ! ನಾಲ್ಕು ವಾರ ಕಾದಿದ್ದಾಯಿತು. ಮೂರು ಮರಿಯಾದವು. ನಾಲ್ಕನೆಯ ತತ್ತಿ ಮುಂಗುಸಿಯ ಪಾಲಾಯಿತೋ ಏನೋ. ಮರಿಗಳು ಒಂದೆರಡು ದಿನದಲ್ಲೇ ತಾಯಿಯ ಹಿಂದೆ ಗುಡುಗುಡು ಓಡಿದವು.

ಮುಂದಿನ ವಾರ ಮಳೆ ಸುರಿದು ಹಳ್ಳ ತುಂಬಿ, ಹೊಲದ ಒಂದು ಮೂಲೆ ಕೊಚ್ಚಿಹೋಯಿತು. ಬಂಗಾರದಂಥ ಮಣ್ಣು. ನಮ್ಮವರು ಬೈಯಲಿಲ್ಲ. ಎರಡು ದಿನ ಮಾತೇ ಆಡಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಒಲೆಯ ಮುಂದೆ ಕೂತು ಅತ್ತದ್ದೂ ಉಂಟು.

ಸಂಕ್ರಾಂತಿಗೆ ನಾದಿನಿಯ ಮನೆಗೆಂದು ಹಗರಿಬೊಮ್ಮನಹಳ್ಳಿಗೆ ಹೋದಾಗ ಅಂಕಸಮುದ್ರದ ಕೆರೆ ನೋಡಿದೆವು. 244 ಎಕರೆಯ ಕೆರೆ. 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆ ರಾಮ್ಸರ್ ಪಟ್ಟಿಗೂ ಸೇರಿತು. ನೀರಲ್ಲೇ ನಿಂತ ಕರಿಜಾಲಿ ಗಿಡಗಳ ಮೇಲೆಲ್ಲ ಬಣ್ಣದ ಕೊಕ್ಕರೆ! ಅವುಗಳ ಗದ್ದಲಕ್ಕೆ ನಮ್ಮ ಮಾತು ನಮಗೇ ಕೇಳದು. ಅಲ್ಲಿಯ ರೈತರೊಬ್ಬರು, ಹಕ್ಕಿಯ ಹಿಕ್ಕೆ ಬಿದ್ದ ನೀರು ಹೊಲಕ್ಕೆ ಗೊಬ್ಬರವಿದ್ದಂತೆ ಎಂದರು. ನಮ್ಮವರು ಬಹಳ ಹೊತ್ತು ಅವರೊಡನೆ ಮಾತಾಡುತ್ತಾ ನಿಂತಿದ್ದರು.

ಈ ಸಲ ಒಡ್ಡಿನ ಕೆಲಸವನ್ನು ಯುಗಾದಿಗೆ ಮುಂಚೆಯೇ ಮುಗಿಸಿದ್ದಾರೆ. ಹರಳುಗಲ್ಲಿನ ಆ ಜಾಗವನ್ನು ಬಿಟ್ಟು. ಯಾಕೆಂದು ನಾನೂ ಕೇಳಲಿಲ್ಲ.