ಜಪಾನಿಗೆ ಮುಟ್ಟುವ ಪೆಟ್ಟಿಗೆ

ಮದುವೆಯಾಗಿ ಹುಬ್ಬಳ್ಳಿಗೆ ಬಂದ ಹೊಸತರಲ್ಲಿ, ಮಾಳಿಗೆಯ ಮೇಲೆ ಕಟ್ಟಿದ್ದ ಉದ್ದನೆಯ ತಂತಿಗೆ ಒಗೆದ ಸೀರೆ ಹರವಿ ಬೈಸಿಕೊಂಡವಳು ನಾನು. ಅತ್ತ ಒಂದು ಗಳ, ಇತ್ತ ಒಂದು ಗಳ, ನಡುವೆ ಬಿಗಿದು ಕಟ್ಟಿದ ತಂತಿ. ಬಟ್ಟೆ ಒಣಹಾಕಲಿಕ್ಕಲ್ಲದೆ ಇನ್ನೇತಕ್ಕೆ? ಅದು ಏರಿಯಲ್ ಎಂದೂ, ನಮ್ಮ ಯಜಮಾನರು ಹ್ಯಾಮ್ ಎಂದೂ ಅಂದೇ ತಿಳಿದದ್ದು.

ಹ್ಯಾಮ್ ಎಂದರೆ ಹವ್ಯಾಸಿ ರೇಡಿಯೋದವರು. ಪರೀಕ್ಷೆ ಪಾಸಾಗಿ, ಕೇಂದ್ರ ಸರಕಾರದ ಪರವಾನಗಿ ಪಡೆದು, ತಮ್ಮ ಸ್ವಂತ ಯಂತ್ರದಿಂದ ಊರೂರಿನವರ, ದೇಶದೇಶದವರ ಕೂಡ ಮಾತಾಡುವವರು. ಪ್ರತಿಯೊಬ್ಬರಿಗೂ ಒಂದು ಕರೆಸಂಕೇತ ಇರುತ್ತದೆ. ರಾಜೀವ್ ಗಾಂಧಿಯವರೂ ಹ್ಯಾಮ್ ಆಗಿದ್ದರು, ಅವರ ಸಂಕೇತ ವಿಯು2ಆರ್‌ಜಿ. ಈ ಸಂಗತಿಯನ್ನು ನಮ್ಮವರು ಸೀರೆಯ ಜಗಳವಾದ ದಿನವೇ ಹೇಳಿದರು, ತಮ್ಮ ಮರ್ಯಾದೆ ಉಳಿಸಿಕೊಳ್ಳಲಿಕ್ಕೆ. ಇವರ ಭಾಷೆಯಲ್ಲಿ ರೇಡಿಯೋ ನಡೆಸುವ ಹೆಂಗಸು ಎಷ್ಟೇ ವಯಸ್ಸಾದರೂ ‘ವೈಎಲ್’, ಅಂದರೆ ತರುಣಿ. ಹ್ಯಾಮ್‌ನ ಹೆಂಡತಿ ಮಾತ್ರ ‘ಎಕ್ಸ್‌ವೈಎಲ್’, ಮಾಜಿ ತರುಣಿ! ಈ ಪದವಿ ನನಗೆ ಇಪ್ಪತ್ನಾಲ್ಕನೆಯ ವರ್ಷಕ್ಕೇ ಸಿಕ್ಕಿತು.

ಇದನ್ನೆಲ್ಲ ನಾನು ನಕ್ಕು ಸಹಿಸಿಕೊಂಡೇ ಇದ್ದೆ, 2019ರ ಆಗಸ್ಟ್ ತಿಂಗಳವರೆಗೆ.

ನನ್ನ ತವರು ನವಲಗುಂದ ತಾಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಯ ಮೇಲೆ. ಹೆಸರಿಗೆ ಹಳ್ಳ. ಬೇಸಿಗೆಯಲ್ಲಿ ಕೊಡ ತುಂಬಲಿಕ್ಕಿಲ್ಲ, ಮಳೆ ಹಿಡಿದರೆ ಹೊಲವೆಲ್ಲ ತನ್ನದೇ ಎನ್ನುತ್ತದೆ. ಆ ವರ್ಷ ಬೆಣ್ಣಿಹಳ್ಳ, ತುಪ್ಪರಿಹಳ್ಳ ಎರಡೂ ಉಕ್ಕಿದವು. ತಮ್ಮ ಹೆಂಡತಿ ಮಕ್ಕಳೊಡನೆ ಬೇರೆ ಊರಿಗೆ ಹೋಗಿದ್ದ, ಮನೆಯಲ್ಲಿ ಅವ್ವ ಒಬ್ಬಳೇ. ಕರೆಂಟು ಹೋಯಿತು, ಅದರ ಹಿಂದೆ ಫೋನೂ ಹೋಯಿತು. ಎರಡು ದಿನ, ಎರಡು ರಾತ್ರಿ ನಾನು ಅದೇ ನಂಬರು ಒತ್ತಿದೆ. ಹೊರಡೋಣವೆಂದರೆ ರಸ್ತೆಯ ಮೇಲೆ ನೀರು. ಎರಡನೆಯ ರಾತ್ರಿ ನಮ್ಮವರು ಯಂತ್ರದ ಮುಂದೆ ಕುಳಿತು ಯಾರನ್ನೋ ಕರೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ನಿಮ್ಮ ಪೆಟಗಿ ಜಪಾನಕ್ಕ ಮುಟ್ಟತೈತಿ, ನಲವತ್ತು ಕಿಲೋಮೀಟರ್ ಆಚೆ ಇರೋ ನಮ್ಮವ್ವಗ ಮುಟ್ಟಂಗಿಲ್ಲ ಅಲ್ರಿ?”

ಅವರು ಉತ್ತರ ಕೊಡಲಿಲ್ಲ. ಸ್ವಿಚ್ ಆರಿಸಿ, ಕತ್ತಲಲ್ಲೇ ಬಹಳ ಹೊತ್ತು ಕುಳಿತರು. ಮೂರನೆಯ ದಿನ ಯಾರದೋ ಫೋನಿನಿಂದ ಅವ್ವನೇ ಮಾತಾಡಿದಳು. “ಯಾಕ ಗಾಬರಿ ಆದಿ? ನಾ ಗುಡಿ ಕಟ್ಟಿ ಮ್ಯಾಲ ಇದ್ದೆ” ಎಂದಳು. ಗುಡಿಯ ಕಟ್ಟೆಯ ಮೇಲೆ ಇದ್ದವರೆಷ್ಟು ಜನ, ಉಂಡದ್ದೇನು ಎಂಬುದೆಲ್ಲ ಆಮೇಲೆ ತಿಳಿಯಿತು. ನಾನಾಡಿದ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಡಿಸೆಂಬರಿನಲ್ಲಿ ನಮ್ಮವರು ಹೇಳಿದರು: “ಈ ಸಲ ನಮ್ಮ ಕ್ಲಬ್ಬಿನ ಫೀಲ್ಡ್ ಡೇ ನಿಮ್ಮ ತಮ್ಮನ ಹೊಲದಲ್ಲಿ.”

ಫೀಲ್ಡ್ ಡೇ ಎಂದರೆ ಅಮೆರಿಕದ ಹ್ಯಾಮ್‌ಗಳ ಸಂಘ 1933ರಲ್ಲಿ ಶುರುಮಾಡಿದ ಪದ್ಧತಿ. ಜೂನ್ ತಿಂಗಳ ಒಂದು ಶನಿವಾರ-ಭಾನುವಾರ ಯಂತ್ರಗಳನ್ನು ಬಯಲಿಗೆ ಒಯ್ದು, ಮನೆಯ ಕರೆಂಟಿಲ್ಲದೆ, ಆಪತ್ತು ಬಂದಂತೆಯೇ ಭಾವಿಸಿ ಹಗಲೂ ರಾತ್ರಿ ಮಾತಾಡುವುದು. ಜೂನಿನಲ್ಲಿ ನಮ್ಮ ಎರೆ ಹೊಲಕ್ಕಿಳಿದರೆ ಕಾಲಷ್ಟೇ ಹೊರಗೆ ಬರುತ್ತದೆ, ಚಪ್ಪಲಿ ಹೊಲಕ್ಕೇ ಬಿಟ್ಟದ್ದು. ಅದಕ್ಕಾಗಿ ಇವರು ಡಿಸೆಂಬರ್ 28 ಮತ್ತು 29 ಎಂದು ಗೊತ್ತುಮಾಡಿದರು. ಆ ವರ್ಷ ಎಳ್ಳಮಾಸಿ 26ಕ್ಕೆ ಬಂದು, ಅಂದೇ ಸೂರ್ಯಗ್ರಹಣವೂ ಹಿಡಿದಿತ್ತು. ಗ್ರಹಣದಲ್ಲಿ ಚರಗ ಚೆಲ್ಲುವುದೆಂತು ಎಂದು ಅವ್ವ ಹಬ್ಬದ ಊಟವನ್ನೇ ಮುಂದೂಡಿದ್ದಳು. ಹೊಲದಲ್ಲಿ ಕೂತು ಉಣ್ಣುವ ಹಬ್ಬ ನಮ್ಮವರಿಗೇನು ಹೊಸದೇ? ಅಮೆರಿಕದವರು ಅದಕ್ಕೆ ತಂತಿ ಕಟ್ಟಿದ್ದಾರೆ, ಅಷ್ಟೇ.

ಒಂಬತ್ತು ಜನ ಬಂದರು. ನೆರೆಗೆ ಹೆಸರು ಕೊಚ್ಚಿಹೋಗಿದ್ದ ಹೊಲದಲ್ಲಿ ಈಗ ಕಡಲೆ ಮೊಣಕಾಲೆತ್ತರ ನಿಂತಿತ್ತು. ಬದುವಿನ ಬೇವಿನ ಮರಕ್ಕೊಂದು ತುದಿ, ಬಿದಿರ ಗಳಕ್ಕೊಂದು ತುದಿ ಕಟ್ಟಿ 20 ಮೀಟರ್ ಉದ್ದದ ತಂತಿ ಏರಿಸಿದರು. ಟ್ರ್ಯಾಕ್ಟರಿನ ಬ್ಯಾಟರಿಯೇ ಕರೆಂಟು. ಅವ್ವ ತನ್ನ ನವಲಗುಂದದ ಜಮಖಾನೆ ಹಾಸಿಕೊಟ್ಟಳು. ಅಲ್ಲಿಯ ಹೆಣ್ಣುಮಕ್ಕಳ ಕೈಯಲ್ಲೇ ನೇಯ್ದದ್ದು, ಬಣ್ಣ ಇನ್ನೂ ಮಾಸಿಲ್ಲ. ಅದರ ಮೇಲೆ ಯಂತ್ರ ಇಟ್ಟದ್ದು ನೋಡಿ ನನಗೆ ಜೀವ ಚುರ್ ಎಂದಿತು, ಅವ್ವನಿಗೇನೂ ಅನಿಸಲಿಲ್ಲ.

ಮಧ್ಯಾಹ್ನ ಎಲ್ಲ ಸರಾಗ. ಕ್ಲಬ್ಬಿನ ಕಾಲೇಜು ಹುಡುಗಿಯೊಬ್ಬಳು ಹುಬ್ಬಳ್ಳಿಯಲ್ಲಿ ಯಂತ್ರದ ಮುಂದೆ ಉಳಿದಿದ್ದಳು. 40 ಮೀಟರ್ ಬ್ಯಾಂಡಿನಲ್ಲಿ ಅವಳ ದನಿ ಪಕ್ಕದ ಮನೆಯಿಂದ ಕರೆದ ಹಾಗೆ ಕೇಳಿತು. ನನಗೆ ಲಾಗ್ ಬರೆಯುವ ಕೆಲಸ ಕೊಟ್ಟರು. ಯಾರು, ಎಷ್ಟು ಹೊತ್ತಿಗೆ, ದನಿ ಎಷ್ಟು ಸ್ಪಷ್ಟ ಎಂದೆಲ್ಲ ಬರೆಯಬೇಕು, ಅದೂ ನಮ್ಮ ವೇಳೆಯಿಂದ ಐದೂವರೆ ತಾಸು ಕಳೆದು. ರಾಹುಕಾಲ ಎಣಿಸಿ ರೂಢಿಯಿದ್ದವಳಿಗೆ ಅದೇನು ಮಹಾ!

ಊಟಕ್ಕೆ ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಮಡಿಕೆಕಾಳು, ಶೇಂಗಾ ಹೋಳಿಗೆ. ಮೊದಲು ಅವ್ವ ಹೊಲದ ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದಳು. ಚೆಲ್ಲುತ್ತ ತಂತಿಯ ಕೆಳಗೂ ಒಂದು ಹಿಡಿ ಹಾಕಿದಳು.

ಹೊತ್ತು ಮುಳುಗಿದ ಮೇಲೆ ಮಜವೂ ಬಂತು, ತೊಡಕೂ ಬಂತು. ಇಂಡೋನೇಷ್ಯಾದವರು ಸ್ವಚ್ಛ ಕೇಳತೊಡಗಿದರು, ಹುಬ್ಬಳ್ಳಿ ಮಾತ್ರ ಕರಗಿ ಹೋಯಿತು. ಆಗಸ್ಟಿನ ನನ್ನ ಮಾತೇ ಎದ್ದು ಬಂದು ಎದುರು ಕೂತ ಹಾಗಾಯಿತು. ನಮ್ಮವರು ನನ್ನ ಕಡೆ ನೋಡಲಿಲ್ಲ. ಕ್ಲಬ್ಬಿನ ಹಿರಿಯರೊಬ್ಬರು ತಿಳಿಸಿ ಹೇಳಿದರು. ಭೂಮಿಯ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಅಯಾನುಗೋಳ ಎಂಬ ಪದರವಿದೆ, ದನಿ ಅದಕ್ಕೆ ತಾಗಿ ತಿರುಗಿ ಬೀಳುತ್ತದೆ. ಬಿಸಿಲಿರುವಾಗ ಆ ಪದರ ಗಟ್ಟಿ. ನೆತ್ತಿಯ ಮೇಲೆ ನೆಟ್ಟಗೆ ಎಸೆದರೂ ತಿರುಗಿ ನಮ್ಮ ಸುತ್ತಲೇ ಚೆಲ್ಲುತ್ತದೆ. ರಾತ್ರಿ ಅದು ತೆಳುವಾಗುತ್ತದೆ. ಓರೆಯಾಗಿ ಹೋದದ್ದು ದೂರದೇಶದಲ್ಲಿ ಬೀಳುತ್ತದೆ, ನೆಟ್ಟಗೆ ಹೋದದ್ದು ಪದರ ತೂರಿ ಹೋಗಿಬಿಡುತ್ತದೆ. ಹತ್ತಿರದ ಊರು ನಡುವಿನ ನೆರಳಿನಲ್ಲಿ ಉಳಿಯುತ್ತದೆ. ಜಪಾನಕ್ಕೆ ಮುಟ್ಟಿ ನಮ್ಮವ್ವನಿಗೆ ಮುಟ್ಟದಿರುವುದು ಯಾರ ತಪ್ಪೂ ಅಲ್ಲ, ಆಕಾಶದ ರೀತಿಯೇ ಹಾಗೆ. ಆದರೆ ಇದಕ್ಕೆ ಉಪಾಯವುಂಟು. ರಾತ್ರಿ 80 ಮೀಟರ್ ಬ್ಯಾಂಡಿಗೆ ಇಳಿಯಬೇಕು, ಅದಕ್ಕೆ ಎರಡು ಪಟ್ಟು ಉದ್ದದ ತಂತಿ ಬೇಕು. ಹುಬ್ಬಳ್ಳಿಯ ಹುಡುಗಿಯೊಡನೆ ಮೊದಲೇ ಹಾಗೆ ಮಾತಾಗಿತ್ತು. ಆ ತಂತಿಯ ಸುರುಳಿಯನ್ನು ಮನೆಯ ಅಟ್ಟದ ಮೇಲೆಯೇ ಮರೆತು ಬಂದವರು ಯಾರೆಂದು ಬೇರೆ ಹೇಳಬೇಕೇ?

ತಮ್ಮ ಸೈಕಲ್ ಹತ್ತಿ ಊರೊಳಗೆ ಹೋಗಿ, ಸುಟ್ಟ ಪಂಪಿನ ಮೋಟರಿನಿಂದ ಬಿಚ್ಚಿದ್ದ ತಾಮ್ರದ ತಂತಿ ತಂದ. ಮೇಲಿನ ವಾರ್ನಿಶ್ ಕೆರೆದು, ಎರಡೂ ತುದಿಗೆ ಹತ್ತತ್ತು ಮೀಟರ್ ಹೊಸೆದು, ಬ್ಯಾಟರಿ ಬೆಳಕಿನಲ್ಲಿ ತುಸುತುಸುವೇ ಕತ್ತರಿಸಿ ಅಳತೆ ಕೂಡಿಸಿದರು.

ಅಷ್ಟೊತ್ತಿಗೆ ಚಳಿ ಹಿಡಿದಿತ್ತು. ಬೆಂಕಿ ಹಾಕಿಕೊಂಡು ಕೂತಾಗ ಆ ಹಿರಿಯರೇ ಭಾರತಿ ಪ್ರಸಾದ್ ಎಂಬುವರ ವಿಷಯ ಹೇಳಿದರು. 2004ರ ಡಿಸೆಂಬರಿನಲ್ಲಿ ಆಕೆ ಹ್ಯಾಮ್‌ಗಳ ತಂಡದೊಂದಿಗೆ ಪೋರ್ಟ್ ಬ್ಲೇರಿಗೆ ಹೋಗಿ, ಅಂಡಮಾನಿನಿಂದ ಲೋಕವನ್ನೆಲ್ಲ ಮಾತಾಡಿಸುತ್ತಿದ್ದರಂತೆ. 26ರ ಬೆಳಗಿಗೆ ಭೂಕಂಪ, ಹಿಂದೆಯೇ ಸುನಾಮಿ. ಹವ್ಯಾಸಕ್ಕೆಂದು ಒಯ್ದ ಯಂತ್ರದಿಂದಲೇ ಆಕೆ ದ್ವೀಪದವರ ಸುದ್ದಿಯನ್ನು ಅವರ ಮನೆಯವರಿಗೆ ಮುಟ್ಟಿಸಿದರು. ಅವ್ವ ಕಣ್ಣು ಮಿಟುಕಿಸದೆ ಕೇಳಿದಳು. “ಹೆಣಮಗಳೇನು?” ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು.

ಒಂಬತ್ತೂವರೆಗೆ ಯಂತ್ರ ಹಚ್ಚಿದರು. ಬರೀ ಭೋರೆಂಬ ಸದ್ದು, ಎಣ್ಣೆ ಕಾದು ಸಾಸಿವೆ ಸಿಡಿದಂತೆ. ಗಂಡಸರು ಗುಂಡಿ ತಿರುವಿ ತಿರುವಿ ಕೈಚೆಲ್ಲಿದರು. ಆಗ ಅವ್ವ, “ಅಕೀ ಕರಿಯಾಕತ್ತಾಳಲ್ಲ, ಕೇಳ್ರಿ! ಅದ ಹುಡಿಗಿ, ಮಧ್ಯಾಹ್ನದಾಕಿ” ಎಂದಳು. ಯಾರಿಗೂ ಕೇಳಿರಲಿಲ್ಲ. ಅವ್ವನ ಕಿವಿ ಅಂಥದು. ಧಾರವಾಡ ಆಕಾಶವಾಣಿ 1950ರಲ್ಲಿ ಶುರುವಾದಾಗ ಅವಳು ಸಣ್ಣ ಹುಡುಗಿ. ಅಂದಿನಿಂದ ಒಲೆಯ ಸದ್ದು, ಮಳೆಯ ಸದ್ದು, ಸೆಲ್ ಇಳಿದ ರೇಡಿಯೋದ ಗರಗರ, ಇವುಗಳ ನಡುವೆಯೇ ಗಂಗೂಬಾಯಿಯವರ ಹಾಡು ಹೆಕ್ಕಿಕೊಂಡು ಕೇಳಿದವಳು. ನಮ್ಮವರು ಕಿವಿಗೆ ಹೆಡ್‌ಫೋನು ಒತ್ತಿಕೊಂಡರು. ಮುಖ ಅರಳಿತು. ಹುಬ್ಬಳ್ಳಿ!

“ಅಳಿಯಾರ, ನಾಳೆ ಮೊಮ್ಮಗ ಬರೋ ಮುಂದ ನನ್ನ ಮಂಡಿ ನೋವಿನ ಎಣ್ಣಿ ತಾ ಅಂತ ಆ ಹುಡಿಗೀಗ ಹೇಳ್ರಿ” ಎಂದಳು ಅವ್ವ.

“ಅತ್ತೀ, ಹಂಗ ಬ್ಯಾರೇದವರ ಸುದ್ದಿ ಇದರಾಗ ಹೇಳಾಕ ಬರೂದಿಲ್ರಿ, ಕಾಯ್ದೆ ಐತಿ. ಆಪತ್ತಿನ್ಯಾಗ ಮಾತ್ರ.”

“ಅಂದ್ರ ಹಳ್ಳ ಬಂದಾಗ?”

“ಆವಾಗ ಹೇಳಬಹುದ್ರಿ.”

ಅವ್ವ ಸ್ವಲ್ಪ ಹೊತ್ತು ಬೆಂಕಿ ನೋಡಿದಳು. “ಹಳ್ಳ ಬಂದಾಗ ಈ ಪೆಟಗಿ ಇಲ್ಲಿರಬೇಕಲ್ರಿ. ನೀವು ನಾಳೆ ಎಲ್ಲಾ ಬಿಚಿಗೊಂಡು ಹೋಗ್ತೀರಿ.”

ಯಾರೂ ಮಾತಾಡಲಿಲ್ಲ. ನಾನು ಲಾಗಿನಲ್ಲಿ ವೇಳೆ ಬರೆದೆ, 16:10.

ಮರುದಿನ ತಂತಿ ಇಳಿಸಿ ಸುತ್ತಿದರು. ಮೋಟರಿನ ತಂತಿ ತಮ್ಮನಿಗೇ ಮರಳಿ ಕೊಟ್ಟರು, ಅವನು ಅದನ್ನು ಜತನದಿಂದ ಜಂತಿಗೆ ಸಿಕ್ಕಿಸಿದ. ಮೂರು ತಿಂಗಳಾಗುವಷ್ಟರಲ್ಲಿ ಕೊರೋನಾ ಬಂದು ಎಲ್ಲವೂ ನಿಂತಿತು. ಹೊರಗೆ ಹೋಗಲಾರದ ಆ ದಿನಗಳಲ್ಲಿ ನಾನು ನಮ್ಮವರ ಹಳೆಯ ಪುಸ್ತಕ ತೆಗೆದು ಓದಲಿಕ್ಕೆ ಕೂತೆ. ಓಮ್‌ನ ನಿಯಮ ಮೂರು ಸಲ ಓದಿದೆ. ತಮ್ಮನ ಮಗಳಿಗೂ ಫೋನಿನಲ್ಲಿ ಓದಿ ಹೇಳಿದೆ. ಅವಳಿಗೆ ಒಂದೇ ಸಲಕ್ಕೆ ತಿಳಿಯಿತು. ಕೊನೆಗೊಂದು ದಿನ ಇಬ್ಬರ ಅರ್ಜಿಗಳನ್ನೂ ಜಮಖಾನೆಯ ಮೇಲೆ ಹರವಿಕೊಂಡು ತುಂಬಿದೆವು. ಯಂತ್ರ ಇಡುವ ಸ್ಥಳ ಯಾವುದು ಎಂದು ಕೇಳಿದ್ದ ಕಡೆ, ಎರಡರಲ್ಲೂ, ಅವ್ವನ ಊರಿನ ಹೆಸರು ಬರೆದೆ.