ಕೌದಿಯ ಲೆಕ್ಕ

ಎಂ.ಎಸ್ಸಿ. ತರಗತಿಗೆ 'ಮೆಟ್ರಿಕ್ ಸ್ಪೇಸ್' ಪಾಠ ಮಾಡುವಾಗ ಪ್ರತಿವರ್ಷವೂ ಒಂದೇ ಜಾಗದಲ್ಲಿ ಹುಡುಗರ ಮುಖ ಬಾಡುತ್ತಿತ್ತು. ಯಾವ ಎರಡು ಬಿಂದುಗಳ ನಡುವೆಯೂ ದೂರ ಅಳೆಯಬಹುದಾದ ಹರವು, ಅದೇ ಮೆಟ್ರಿಕ್ ಸ್ಪೇಸ್. ಹೆದರಬೇಕಾದ್ದೇನಿಲ್ಲ. ತಕರಾರು ಶುರುವಾಗುವುದು ಅದಕ್ಕೆ ಹೊದಿಕೆ ಹಾಕುವಾಗ.

ನಮ್ಮ ಧಾರವಾಡದ ಕಡೆಯ ಕೌದಿ ನೋಡಿದ್ದೀರಲ್ಲ? ಹಳೆಯ ಸೀರೆ, ಧೋತರದ ತುಂಡುಗಳು ಒಂದರ ಮೇಲೊಂದು ಅಂಚು ಚಾಚಿ ಕೂತಿರುತ್ತವೆ. ಎಲ್ಲಿ ಬೆರಳಿಟ್ಟರೂ ಅದರ ಸುತ್ತಲಿನ 3 ಇಂಚು ಯಾವುದಾದರೊಂದೇ ತುಂಡಿನೊಳಗೆ ಅಡಗಿದರೆ ಅದು ಏಕರೂಪ ಹೊದಿಕೆ. ಬಿಂದುವಿಗೊಂದು ಅಳತೆಯಾದರೆ ನಡೆಯದು. ಎಲ್ಲಕ್ಕೂ ಒಂದೇ ಇರಬೇಕು.

ಈ ಭೇದ ಸಣ್ಣದಲ್ಲ. 0 ಮತ್ತು 1ರ ನಡುವಿನ ಸಂಖ್ಯೆಗಳನ್ನು ತುದಿ ಬಿಟ್ಟು ತೆಗೆದುಕೊಳ್ಳಿ. 1/3ರಿಂದ 1, 1/4ರಿಂದ 1/2, 1/5ರಿಂದ 1/3, ಹೀಗೆ ತುದಿಯಿಲ್ಲದ ತುಂಡುಗಳನ್ನು ಹಾಸುತ್ತ ಹೋದರೆ ಎಲ್ಲ ಮುಚ್ಚುತ್ತದೆ. ಆದರೆ ಸೊನ್ನೆಯತ್ತ ತುಂಡುಗಳು ಕಿರಿದಾಗುತ್ತಲೇ ಹೋಗುವುದರಿಂದ ಒಂದೇ ಅಳತೆ ಸಿಕ್ಕುವುದಿಲ್ಲ. ತುದಿಗಳನ್ನೂ ಸೇರಿಸಿದರೋ? ಸೊನ್ನೆಗೆ 1/10ರ ತನಕ ಒಂದು ತುಂಡು, 1ಕ್ಕೆ 9/10ರಿಂದ ಒಂದು ತುಂಡು ಹಾಕಿ. ಈಗ ಒಟ್ಟು 11 ತುಂಡು ಸಾಕು, ಅಳತೆಯೂ ಸಿಕ್ಕುತ್ತದೆ! ಆ ಅಳತೆಗೆ ಫ್ರಾನ್ಸಿನ ಲೆಬೆಗ್ ಅವರ ಹೆಸರಿದೆ.

ಒಬ್ಬ ವಿದ್ಯಾರ್ಥಿನಿ ಇಲ್ಲಿಗೆ ಬಂದು ಓದು ಬಿಡುವ ಮಾತಾಡಿದಳು. ಅವಳ ತಂದೆ ದರ್ಜಿ. "ಬ್ಯಾಂಕಿನ ಪರೀಕ್ಷಾ ಕಟ್ಟಲಿ ಬಿಡ್ರಿ ಸರ್. ಇದರಿಂದ ಹೊಟ್ಟಿ ತುಂಬ್ತದೇನ್ರಿ?" ಎಂದರು. ನ್ಯಾಯವಾದ ಪ್ರಶ್ನೆಯೇ. ನಾನು ಹುಡುಗಿಯ ಕೈಗೆ ಸೀಮೆಸುಣ್ಣ ಕೊಟ್ಟು, ಅಪ್ಪನಿಗೇ ಪಾಠ ಹೇಳು ಎಂದೆ.

ಅವಳು ಹೊದಿಕೆಯನ್ನು ಸಣ್ಣದಾಗಿಸುವ ಬಗೆ ಹೇಳಿದಳು. 3 ಇಂಚಿನ ಅಳತೆಯಿದ್ದರೆ, ಪ್ರತಿ ಬಿಂದುವಿನ ಸುತ್ತ 1 ಇಂಚಿನ ವೃತ್ತ ಬರೆಯಿರಿ. ಯಾವುದೇ ವೃತ್ತವನ್ನೂ ಅದಕ್ಕೆ ತಾಗುವ ನೆರೆಯ ವೃತ್ತಗಳನ್ನೂ ಕೂಡಿಸಿದರೂ ಮೊದಲಿನ ಒಂದೇ ತುಂಡಿನೊಳಗೆ ಹಿಡಿಯುತ್ತವೆ. ಅಮೆರಿಕದ ಜಾನ್ ಟ್ಯೂಕಿ 1940ರಲ್ಲಿ ಒಂದು ಪುಸ್ತಕವನ್ನೇ ಇಂಥ ಹೊದಿಕೆಗಳ ಮೇಲೆ ಕಟ್ಟಿದರು.

"ಮೂರರಾಗ ಒಂದ್ ಪಾಲು ಯಾಕ? ಅರ್ಧ ಸಾಲಂಗಿಲ್ಲೇನು?" ದರ್ಜಿ ಕೇಳಿಯೇಬಿಟ್ಟರು. ಎಂ.ಎಸ್ಸಿ.ಯಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ.

"ತನ್ನ ವೃತ್ತದಾಗ ಒಂದೂವರೆ, ನೆರೆಯದರ ನಡುವಿನ ತನಕ ಒಂದೂವರೆ, ಅಲ್ಲಿಂದ ಆಚೆ ಅಂಚಿಗೆ ಮತ್ತೊಂದೂವರೆ. ನಾಲ್ಕೂವರೆ ಆತಲ್ಲಪ್ಪ, ಮೂರು ದಾಟಿತು."

ಅವರು ಬೆರಳಲ್ಲಿ ಲೆಕ್ಕ ಹಾಕಿ ತಲೆಯಾಡಿಸಿದರು. ಹುಡುಗಿ ಆ ವರ್ಷ ಎಂ.ಎಸ್ಸಿ. ಮುಗಿಸಿದಳು, ಬ್ಯಾಂಕಿನ ಪರೀಕ್ಷೆಯನ್ನೂ ಕಟ್ಟಿದಳು.